ಗೇಟಿಗೆ ಅಡ್ಡ ನೆಟ್ಟ ಕತ್ತಾಳೆ

ಫೆಬ್ರವರಿ ೯

ಕಡ್ಡಿ,

ತಲೆ ನರೆತ ನರ್ಸರಿ ಯಜಮಾನನನ್ನು ಹೀಗೆ ಕರೆಯಬಾರದು ಅಂತ ಗೊತ್ತು. ಏನು ಮಾಡಲಿ, ಪೆನ್ನು ಹಿಡಿದರೆ ಬೇರೆ ಹೆಸರೇ ಬರುವುದಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅಂತೀಯ. ಒಳಗೆ ಒಂದು ನಕ್ಷೆ ಇಟ್ಟಿದ್ದೇನೆ, ನೋಡು. ಅದನ್ನು ಫೋನಿನಲ್ಲಿ ಹೇಗೆ ಹೇಳುವುದು? ಬ್ಲೌಸಿನ ಕಟಿಂಗ್ ಹಾಕುವ ಕಾಗದದ ಮೇಲೆ ಬರೆದಿದ್ದೇನೆ. ಚೌಕ ಇರುವುದು ಮನೆ, ಗೀಟು ಹಾಕಿರುವುದು ಗೇಟಿಗೆ ಹೋಗುವ ದಾರಿ, ಸುತ್ತ ಮೊಣಕಾಲೆತ್ತರದ ಮೋಟುಗೋಡೆ. ನಮ್ಮ ಸಾಲಿನ ಮನೆಗಳಿಗೆಲ್ಲ ಅಷ್ಟೇ ಗೋಡೆ. ಅದಕ್ಕಿಂತ ಎತ್ತರ ಕಟ್ಟಲು ಸೊಸೈಟಿಯವರು ಬಿಡುವುದಿಲ್ಲ.

ಮುಂದಿನ ಗುಲಾಬಿಗಳನ್ನೆಲ್ಲ ತೆಗೆಸಬೇಕು ಅಂತಿದ್ದೇನೆ. ಅವುಗಳ ಸೇವೆ ನನ್ನಿಂದ ಆಗುವುದಿಲ್ಲ. ಈಗ ಎಲ್ಲರೂ ಮನೆ ಮುಂದೆ ಮುಳ್ಳಿನ ಗಿಡ ಹಾಕುತ್ತಾರಲ್ಲ, ಕತ್ತಿ ನೆಟ್ಟ ಹಾಗೆ ನೆಟ್ಟಗೆ ನಿಲ್ಲುವಂಥವು, ನನಗೆ ಅಂಥವು ಬೇಕು. ನೋಡಲು ಚೆಂದವಿರಬೇಕು, ನೀರು ಕೇಳಬಾರದು, ಚೆನ್ನಾಗಿ ಚುಚ್ಚಬೇಕು. ಗೋಡೆಯ ಒಳಮೈಗೆ ಉದ್ದಕ್ಕೂ ಹಾಕಬೇಕು. ಗೇಟಿನ ಹತ್ತಿರ ಸ್ವಲ್ಪ ದೊಡ್ಡವೇ ಇರಲಿ. ಬೇಗ ಬೆಳೆಯುವುದು ಯಾವುದು, ಎಷ್ಟು ಹತ್ತಿರ ನೆಡಬಹುದು, ವಿವರವಾಗಿ ಬರೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಬಸ್ಸು ಓಡಿಸುವ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಬೆಳಗಿನ ಮೊದಲ ಟ್ರಿಪ್ಪಿಗೆ ಏಳುವ ಚಾಳಿ ಬಿಟ್ಟಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನರ್ಸರಿ ಹೇಗಿದೆ?

ಅಕ್ಕ

—

ಫೆಬ್ರವರಿ ೨೨

ಅಕ್ಕಾ,

ನಿನ್ನ ಕಾಗದ ಓದಿ ಎದ್ದು ಕುಣಿಯುವುದೊಂದು ಬಾಕಿ. ಇಷ್ಟು ವರ್ಷ ನಾನು ಕಳ್ಳಿ, ಕತ್ತಾಳೆ ಅಂದಾಗಲೆಲ್ಲ ಮೂಗು ಮುರಿದವಳು ನೀನು. ‘ಮುಳ್ಳು ಮಾರಿ ಬದುಕೋನಿಗೆ ಯಾರು ಹೆಣ್ಣು ಕೊಡ್ತಾರೆ’ ಅಂದಿದ್ದೆ. ನೋಡು, ಯಾರೂ ಕೊಡಲಿಲ್ಲ!

ಈಗ ಗಮನವಿಟ್ಟು ಓದು. ಈ ಗಿಡಗಳು ಬಿಸಿಲಿಗೆ ಸಾಯುವುದಿಲ್ಲ, ನಾವು ಪ್ರೀತಿಯಿಂದ ಹಾಕುವ ನೀರಿಗೆ ಸಾಯುತ್ತವೆ. ನೆಲವನ್ನು ಮಟ್ಟ ಮಾಡಬೇಡ, ಅಲ್ಲಲ್ಲಿ ದಿಬ್ಬ ಏರಿಸು. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಜಲ್ಲಿಪುಡಿ ಬೆರೆಸು. ಗಿಡದ ಕತ್ತು ಮಣ್ಣಿನಿಂದ ಮೇಲಿರಲಿ. ಕತ್ತು ಹೂತರೆ ಕೊಳೆತಂತೆಯೇ. ಮೇಲೆ ಸಣ್ಣ ಜಲ್ಲಿ ಹರಡು. ನೀಲಿ ಕತ್ತಾಳೆ ಒಂಟಿಯಾಗಿ ನಿಲ್ಲಬೇಕು, ಅದರ ಪಕ್ಕ ಒಂದು ದೊಡ್ಡ ಕಲ್ಲು. ಹಿಂದೆ ಎತ್ತರಕ್ಕೆ ಯುಕ್ಕಾ. ಕಾಲಬುಡದಲ್ಲಿ ಗುಂಡುಕಳ್ಳಿಗಳ ಗುಂಪು. ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದು. ನೆಲದ ಮೇಲೆ ಬೀಳುವ ಆ ನೆರಳೇ ಅರ್ಧ ಅಂದ.

ಒತ್ತಾಗಿ ಮಾತ್ರ ನೆಡಬೇಡ. ದಾರಿಯಿಂದ ಎರಡು ಮಾರು ದೂರವಿರಲಿ, ಗೇಟಿನ ಹತ್ತಿರವಂತೂ ಬೇಡವೇ ಬೇಡ. ಬಂದವರಿಗೆ ಚುಚ್ಚಿದರೆ ನಿನ್ನ ಬಟ್ಟೆ ಹೊಲಿಸುವ ಗಿರಾಕಿಗಳೆಲ್ಲ ಓಡಿಹೋಗುತ್ತಾರೆ.

ನರ್ಸರಿ ಭರ್ಜರಿಯಾಗಿದೆ. ಕೈತುಂಬ ಕೆಲಸ. ಪಾರ್ಸೆಲ್ ಲಾರಿಗೆ ಗಿಡಗಳನ್ನು ಹಾಕಿಸುತ್ತೇನೆ. ಎಷ್ಟು ಬೇಕಾದರೂ ತಗೋ, ದುಡ್ಡಿನ ಮಾತೆತ್ತಿದರೆ ಕಾಗದ ಬರೆಯುವುದನ್ನೇ ಬಿಡುತ್ತೇನೆ. ಭಾವನಿಗೆ ಹೇಳು, ನನಗೆ ಡ್ರೈವಿಂಗ್ ಕಲಿಸುವಾಗ ಅವರು ತಲೆಗೆ ಕೊಟ್ಟ ಏಟು ಇನ್ನೂ ಚುರುಗುಟ್ಟುತ್ತದೆ ಅಂತ.

ಕಡ್ಡಿ

—

ಮಾರ್ಚ್ ೧೯

ಕಡ್ಡಿ,

ಗಿಡಗಳು ಬಂದವು. ಒಂದೂ ಮುರಿದಿಲ್ಲ. ಗೋಣಿಯಲ್ಲಿ ಎಷ್ಟು ಚೆನ್ನಾಗಿ ಸುತ್ತಿದ್ದೆ, ಹೆತ್ತ ಮಕ್ಕಳನ್ನು ಕಳಿಸಿದ ಹಾಗೆ.

ಗುಂಡಿಗಳನ್ನೆಲ್ಲ ನಿನ್ನ ಭಾವನೇ ತೆಗೆದರು. ಬೇಡವೆಂದರೂ ಕೇಳಲಿಲ್ಲ. ಪಿಕಾಸಿ ಹಿಡಿದರೆ ಇವತ್ತಿಗೂ ಎಂಥ ತೋಳು! ಹಾಡು ಗುನುಗುತ್ತ ಜಲ್ಲಿ ಹೊತ್ತರು, ಕಲ್ಲು ಉರುಳಿಸಿದರು. ಒಂದೊಂದು ಗಿಡ ಇಟ್ಟಾಗಲೂ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿ, ‘ಇನ್ನೂ ಸ್ವಲ್ಪ ಲೆಫ್ಟಿಗೆ, ಸ್ವಲ್ಪ ಲೆಫ್ಟಿಗೆ, ಹಾ, ಸಾಕು’ ಅನ್ನುವುದು, ಬಸ್ಸನ್ನು ಹಿಂದಕ್ಕೆ ತೆಗೆಸುವ ಹಾಗೆ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ನಾವಿಬ್ಬರೂ ಸೇರಿ ಅಂಗಳದಲ್ಲಿ ಹಾಗೆ ಕೆಲಸ ಮಾಡಿದ್ದು ಇದೇ. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ನನಗೆ ಯಾಕೋ ಅಳು ಬಂತು. ಹೊಗೆ ಅಂದೆ. ಎಲ್ಲಿಯ ಹೊಗೆ ಅಂತ ಅವರು ಕೇಳಲಿಲ್ಲ.

ನೀನು ಬೈಯುತ್ತೀಯ. ಒತ್ತಾಗಿಯೇ ನೆಟ್ಟಿದ್ದೇನೆ. ಗೇಟಿನ ಮುಂದಿನ ದಾರಿಗೂ ಅಡ್ಡ ಹಾಕಿದ್ದೇನೆ. ನಾನು ಅಡುಗೆಮನೆ ಪಕ್ಕದ ಓಣಿಯಿಂದ ಓಡಾಡುತ್ತೇನೆ, ಬಟ್ಟೆ ಕೊಡಲು ಬರುವವರಿಗೂ ಅದೇ ದಾರಿ. ಎದುರುಮನೆ ಟೀಚರ್ ನೋಡಿ, ‘ಏನ್ರೀ ಇದು, ಯಾರ ಮೇಲೆ ಯುದ್ಧ?’ ಅಂದರು. ನಗಾಡಿ ಒಳಗೆ ಬಂದೆ.

ಇನ್ನೂ ಕೆಲವು ಬೇಕು. ಕೆಳಗೆ ಬುಡದಲ್ಲಿ ಸಂದು ಉಳಿದಿದೆ, ಒಬ್ಬರು ಕಾಲಿಡಬಹುದು. ಮತ್ತೆ ಇದನ್ನು ಹೇಳು: ದಪ್ಪ ಪ್ಯಾಂಟು ಹಾಕಿದ್ದರೂ ಕತ್ತಾಳೆ ಚುಚ್ಚುತ್ತದೆಯೇ? ಚುಚ್ಚಿದರೆ ನೋವು ಎಷ್ಟು ಹೊತ್ತು ಇರುತ್ತದೆ?

ಅಕ್ಕ

—

ಏಪ್ರಿಲ್ ೩

ಅಕ್ಕಾ,

ಈಗ ಅರ್ಥವಾಯಿತು ಬಿಡು. ಕಳ್ಳರ ಕಾಟ! ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತೇ? ಅಂದಚೆಂದ ಅಂತ ನನ್ನಿಂದ ಪುಟಗಟ್ಟಲೆ ಬರೆಸಿದೆಯಲ್ಲ. ಮೊಣಕಾಲೆತ್ತರದ ಗೋಡೆ ಕಟ್ಟಿಕೊಂಡು ಕೂತರೆ ಇನ್ನೇನಾಗುತ್ತದೆ? ಟೀಚರ್‌ಗೆ ಹೇಳು, ಯುದ್ಧವಲ್ಲ, ಬಂದೋಬಸ್ತು ಅಂತ.

ಚಿಂತೆ ಬಿಡು. ದಪ್ಪ ಪ್ಯಾಂಟಲ್ಲ, ಚರ್ಮದ ಬೂಟನ್ನೂ ದಾಟುತ್ತದೆ. ಆ ತುದಿ ಮಾಂಸದಲ್ಲಿ ಮುರಿದುಕೊಂಡರೆ ವಾರಗಟ್ಟಲೆ ನೋಯುತ್ತದೆ, ರಸ ತಾಗಿದ ಜಾಗ ಉರಿದು ಬೊಬ್ಬೆ ಏಳುತ್ತದೆ. ಒಂದು ಸಲ ಚುಚ್ಚಿಸಿಕೊಂಡವನು ಜನ್ಮದಲ್ಲಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇಲ್ಲಿ ಬೀದಿನಾಯಿಗಳೇ ಕಲಿತುಬಿಟ್ಟಿವೆ. ಆದರೆ ನೀನು ಕಳೆ ಕೀಳಲು ಬಗ್ಗುವಾಗ ಕಣ್ಣು ಜೋಪಾನ.

ಈ ಸಲ ಕತ್ತಾಳೆಯ ನನ್ನ ದೊಡ್ಡ ತಾಯಿಗಿಡಗಳನ್ನೇ ಕಳಿಸುತ್ತಿದ್ದೇನೆ. ಮೂರು ಇವೆ. ಒಂದೊಂದನ್ನು ಎತ್ತಲು ನಾಲ್ಕು ಜನ ಬೇಕು. ನರ್ಸರಿ ಹಾಕಿದ ವರ್ಷ ನೆಟ್ಟವು, ಎಲ್ಲ ಮರಿಗಳೂ ಅವುಗಳವೇ. ಯಾರು ಕೇಳಿದರೂ ಕೊಟ್ಟಿರಲಿಲ್ಲ. ನಿನ್ನ ಹತ್ತಿರ ಇರಲಿ ಅನ್ನಿಸಿತು, ಅಷ್ಟೇ. ಚೆನ್ನಾಗಿ ನೋಡಿಕೋ.

ಭಾವ ಬೆಳಿಗ್ಗೆ ಏಳುವುದು ಒಳ್ಳೆಯದೇ. ಕಾವಲಿಗೆ ಆಯಿತು.

ಕಡ್ಡಿ

—

ಮೇ ೧೧

ಕಡ್ಡಿ,

ಕಳ್ಳರೂ ಇಲ್ಲ, ಕಾಕರೂ ಇಲ್ಲ. ಇನ್ನು ಮುಚ್ಚಿಡುವ ಶಕ್ತಿ ನನಗಿಲ್ಲ.

ನಿನ್ನ ಭಾವನಿಗೆ ನೆನಪು ಹೋಗುತ್ತಿದೆ. ಎರಡು ವರ್ಷವಾಯಿತು. ಮೊದಮೊದಲು ಕನ್ನಡಕ, ಬೀಗದ ಕೈ. ಈಗ ತಾನು ಕೆಲಸ ಬಿಟ್ಟಿರುವುದೇ ನೆನಪಿಲ್ಲ. ದಿನಾ ಬೆಳಕು ಹರಿಯುವ ಮುಂಚೆ ಎದ್ದು, ಮುಖ ಕ್ಷೌರ ಮಾಡಿ, ಖಾಕಿ ಹಾಕಿ ಹೊರಡುತ್ತಾರೆ.

‘ಎಲ್ಲಿಗೆ?’ ಅಂದರೆ, ‘ಫಸ್ಟ್ ಬಸ್ ನಂದೇ ಕಣೆ. ಜನ ಕಾಯ್ತಿರ್ತಾರೆ’ ಅನ್ನುತ್ತಾರೆ.

‘ಇವತ್ತು ನಿಮಗೆ ರಜಾ’ ಅಂದರೆ, ‘ಯಾರು ಸ್ಯಾಂಕ್ಷನ್ ಮಾಡಿದ್ದು?’ ಅನ್ನುತ್ತಾರೆ.

ಒಂದು ದಿನ ನಿಜ ಹೇಳಿದೆ. ‘ನೀವು ರಿಟೈರ್ ಆಗಿ ಆಯ್ತು, ಡಿಪೋದಲ್ಲಿ ಈಗ ನಿಮ್ಮನ್ನ ಯಾರೂ ಕಾಯಲ್ಲ’ ಅಂದೆ. ಹತ್ತಿರದವರು ಸತ್ತ ಸುದ್ದಿ ಕೇಳಿದವರ ಹಾಗೆ ಕುಸಿದು ಕೂತರು. ತುಂಬ ಹೊತ್ತು ಬೂಟಿನ ಲೇಸು ನೋಡುತ್ತಿದ್ದರು. ಆಮೇಲೆ ಅದೂ ಮರೆತು ಮತ್ತೆ ಎದ್ದು ಹೊರಟರು. ಅವತ್ತಿನಿಂದ ನಾನು ನಿಜ ಹೇಳುವುದನ್ನು ಬಿಟ್ಟೆ.

ಒಂದು ಸಲ ಹೆದ್ದಾರಿಯ ನಡುವೆ ನಿಂತು ಲಾರಿಗಳಿಗೆ ಕೈ ತೋರಿಸುತ್ತಿದ್ದರಂತೆ. ಇನ್ನೊಂದು ಸಲ ಕಾರಿನ ಕನ್ನಡಿ ತಾಗಿ ಭುಜ ಊದಿತ್ತು. ಬಾಗಿಲಿಗೆ ಬೀಗ ಹಾಕಿ ನೋಡಿದೆ. ‘ನನ್ನನ್ನ ಯಾಕೆ ಕೂಡಿಹಾಕಿದೀರಿ? ನಾನೇನು ತಪ್ಪು ಮಾಡ್ದೆ?’ ಅಂತ ಕೂಗಿ ಕೂಗಿ ಬಾಗಿಲು ಗುದ್ದಿ ಕೈಯ ಚರ್ಮ ಸುಲಿಯಿತು. ಮನೆಯ ಯಜಮಾನ ಕಳ್ಳನ ಹಾಗೆ ಅಂಗಲಾಚುವುದನ್ನು ಕೇಳಲಾಗದೆ ಬೀಗ ತೆಗೆದೆ. ಗೇಟಿಗೆ ಹಾಕಿದರೆ ಮೋಟುಗೋಡೆ ದಾಟುತ್ತಾರೆ. ಪಕ್ಕದ ಓಣಿಯ ದಾರಿ ಅವರಿಗೆ ನೆನಪಿಗೇ ಬರುವುದಿಲ್ಲ. ಅದಕ್ಕೇ ಮುಳ್ಳು. ನಾನು ತಡೆದ ಹಾಗಾಗಬಾರದು, ಗಿಡ ತಡೆದ ಹಾಗಾಗಬೇಕು ಅಂತ ನನ್ನ ಲೆಕ್ಕಾಚಾರ.

ಚುಚ್ಚಿಸಿಕೊಂಡವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ ಅಂತ ಬರೆದೆಯಲ್ಲ. ನಾನೂ ಹಾಗೇ ನಂಬಿದ್ದೆ. ಚುಚ್ಚಿದ್ದು ನೆನಪಿದ್ದರೆ ತಾನೇ, ಕಡ್ಡಿ? ನಾಯಿಗೆ ನೆನಪಿರುತ್ತದೆ, ಇವರಿಗಿಲ್ಲ. ದಿನಾ ಹೊಸದಾಗಿ ಹೋಗುತ್ತಾರೆ, ದಿನಾ ಹೊಸದಾಗಿ ಚುಚ್ಚಿಸಿಕೊಳ್ಳುತ್ತಾರೆ. ‘ಅಯ್ಯೋ, ಯಾರೇ ಇದನ್ನ ಇಲ್ಲಿ ನೆಟ್ಟಿದ್ದು? ಜನಕ್ಕೆ ಚುಚ್ಚಲ್ವಾ? ಬುದ್ಧಿ ಬೇಡ್ವಾ?’ ಅಂತ ನನ್ನನ್ನೇ ಕೇಳುತ್ತಾರೆ. ಗುಂಡಿ ತೋಡಿದವರು ತಾವೇ ಅನ್ನುವುದೂ ಗೊತ್ತಿಲ್ಲ. ಆಮೇಲೆ ನಾನು ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸೂಜಿ, ಚಿಮುಟದಲ್ಲಿ ಒಂದೊಂದೇ ಮುಳ್ಳು ತೆಗೆಯುತ್ತೇನೆ. ‘ಪಾಪ, ನಿನಗೆ ಎಷ್ಟು ತೊಂದರೆ’ ಅನ್ನುತ್ತಾರೆ. ಕಣಕಾಲಿನಲ್ಲಿ ಸೂಜಿ ಇಡಲು ಜಾಗವಿಲ್ಲ.

ನಿನ್ನನ್ನು ಒಂದು ಮಾತು ಕೇಳಬೇಕು. ನಾವಿಬ್ಬರೂ ನಿನ್ನ ಹತ್ತಿರ ಬಂದುಬಿಡಲೇ? ನಿನ್ನದು ಅಷ್ಟು ದೊಡ್ಡ ಜಾಗ, ಸುತ್ತ ತಂತಿಬೇಲಿ. ಅದರೊಳಗೆ ಬೆಳಗಿನಿಂದ ಸಂಜೆವರೆಗೆ ಅವರು ಎಷ್ಟು ಬೇಕಾದರೂ ನಡೆಯಬಹುದು. ಯಾರೂ ತಡೆಯಬೇಕಿಲ್ಲ. ಸಸಿಗಳ ಸಾಲಿನ ಮಧ್ಯೆ ಅವರನ್ನು ಬಿಟ್ಟು, ಶೆಡ್ಡಿನ ಮೂಲೆಯಲ್ಲಿ ನನ್ನ ಮಷೀನು ಹಾಕಿಕೊಂಡು ಕೂರುತ್ತೇನೆ. ನಿನಗೂ ಎರಡು ತುತ್ತು ಬೇಯಿಸಿ ಹಾಕುತ್ತೇನೆ. ನಮಗೆ ಮಕ್ಕಳಿದ್ದಿದ್ದರೆ ಕೇಳುತ್ತಿರಲಿಲ್ಲ. ಹೂಂ ಅನ್ನು.

ಅಕ್ಕ

—

ಮೇ ೨೫

ಅಕ್ಕಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಬರೆಯಲು ಕೂರುವುದು, ಹರಿಯುವುದು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಜಾಗ ಇಲ್ಲ ಅಕ್ಕಾ. ಕಳೆದ ವರ್ಷದ ಕೊನೆಗೇ ಹೋಯಿತು. ನೆಲದ ಯಜಮಾನರು ಗೋದಾಮು ಕಟ್ಟುವವರಿಗೆ ಕೊಟ್ಟರು. ಖಾಲಿ ಮಾಡಲು ಕೊಟ್ಟ ಗಡುವು ಹತ್ತಿರ ಬರುತ್ತಿದ್ದಾಗ ನಿನ್ನ ಮೊದಲ ಕಾಗದ ಬಂತು. ನಿನಗೆ ಕಳಿಸಿದ್ದು ನರ್ಸರಿಯಿಂದ ಆರಿಸಿದ ಗಿಡಗಳಲ್ಲ, ಉಳಿದಿದ್ದ ಗಿಡಗಳು. ತಾಯಿಗಿಡಗಳನ್ನು ಕಿತ್ತ ದಿನವೇ ನೀರಿನ ಮೋಟಾರು ಬಿಚ್ಚಿಕೊಂಡು ಹೋದರು. ನಿನ್ನ ಅಂಗಳದಲ್ಲಾದರೂ ಇರುತ್ತವಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ನಿನಗೆ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ ಅಂತ ಹೇಳಲಿಲ್ಲ. ನೀನೂ ಅದೇ ಕಾರಣಕ್ಕೆ ಹೇಳಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಇನ್ನೇನು.

ಈಗ ಟೈರ್ ಅಂಗಡಿಯ ಮೇಲೆ ಒಂದು ಕೋಣೆ. ನಾನು ಕಾಲು ಚಾಚಿದರೆ ಬಾಗಿಲಿಗೆ ತಾಗುತ್ತದೆ. ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಕುಂಡಗಳಿಗೆ ನೀರು ಹಾಕುವ ಕೆಲಸ. ಅರ್ಧಕ್ಕರ್ಧ ಪ್ಲಾಸ್ಟಿಕ್ ಗಿಡ, ಅವುಗಳ ಧೂಳು ಒರೆಸಬೇಕು. ಮೊದಲ ದಿನ ಗೊತ್ತಾಗದೆ ಒಂದಕ್ಕೆ ನೀರು ಹಾಕಿಬಿಟ್ಟೆ. ಎಲ್ಲರೂ ಸೇರಿ ನಕ್ಕರು. ನಾನೂ ನಕ್ಕೆ.

ನೀನು ಆಸರೆ ಅಂತ ಕೇಳಿದ್ದು ಮೊದಲನೇ ಸಲ. ಅದಕ್ಕೂ ನನ್ನ ಕೈ ಬರಿದು.

ಇವತ್ತೇ ಒಂದು ಕೆಲಸ ಮಾಡು. ಗೇಟಿನ ಹತ್ತಿರದ್ದನ್ನು ಮೊದಲು ತೆಗೆಸು. ತೆಗೆಸುವ ತನಕ ಉಗುರು ಕತ್ತರಿಸುವ ಕತ್ತರಿಯಲ್ಲಿ ಪ್ರತಿ ಎಲೆಯ ತುದಿ ಕತ್ತರಿಸು. ಎಲೆಗೆ ಏನೂ ಆಗುವುದಿಲ್ಲ. ದೊಡ್ಡವಕ್ಕೆ ಗೋಣಿ ಸುತ್ತಿ ಹಗ್ಗ ಬಿಗಿ. ತಡ ಮಾಡಬೇಡ.

ಕಡ್ಡಿ

—

ಜೂನ್ ೧೭

ಕಡ್ಡಿ,

ನಿನ್ನ ಕಾಗದವನ್ನು ಪೋಸ್ಟಿನವನು ಕೊಟ್ಟಿದ್ದು ನಾನು ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಮನೆಗೆ ಬಂದಾಗ. ಮೆಟ್ಟಿಲ ಮೇಲೆ ಕೂತು ಓದಿದೆ. ಎದುರಿಗೆ ನಿನ್ನ ಗಿಡಗಳು. ತುದಿ ಕತ್ತರಿಸು ಅಂತ ಬರೆದಿದ್ದೆ.

ಇಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆಯಲಿಲ್ಲ? ದಿನವಿಡೀ ಕತ್ತರಿ ಹಿಡಿಯುವವಳು ನಾನು.

ಶಾಲೆ ಶುರುವಾಗುವ ಸಮಯ, ಯೂನಿಫಾರ್ಮಿನ ರಾಶಿ ಬಿದ್ದಿತ್ತು. ಮಷೀನು ತುಳಿಯುತ್ತಿದ್ದವಳಿಗೆ ಬಾಗಿಲ ಸದ್ದು ಕೇಳಲಿಲ್ಲ. ಟೀಚರ್ ಕೂಗಿದಾಗ ಓಡಿ ಹೋದೆ. ಗೇಟು ತಲುಪಲು ದೊಡ್ಡ ಕತ್ತಾಳೆಯನ್ನು ಹಾಯುವಾಗ ಕಾಲು ಸಿಕ್ಕಿ ಮುಖ ಅಡಿಯಾಗಿ ಬಿದ್ದಿದ್ದರು. ಕೂಗಿರಲಿಲ್ಲ. ಎತ್ತಿದಾಗ, ‘ಬ್ರೇಕ್ ಹಿಡೀಲಿಲ್ಲ ಕಣೆ’ ಅಂದರು.

ಬಲಗಣ್ಣು ಹೋಯಿತು. ತೆಗೆಯದೆ ಬೇರೆ ದಾರಿಯಿಲ್ಲ ಅಂದರು, ಸಹಿ ಹಾಕಿದೆ. ಅಲ್ಲಿದ್ದ ನರ್ಸಮ್ಮ ಒಳ್ಳೆಯವಳು. ‘ವಯಸ್ಸಾದವರಿರೋ ಮನೇಲಿ ಅಂಥ ಗಿಡ ಯಾರಮ್ಮ ಹಾಕಿದ್ದು?’ ಅಂತ ಸುಮ್ಮನೆ ಕೇಳಿದಳು. ನಾನೇ ಅಂದೆ.

ಪಟ್ಟಿ ಕಟ್ಟಿಸಿಕೊಂಡು ಮಲಗಿದವರು ನನ್ನನ್ನು ಹತ್ತಿರ ಕರೆದು ಗುಟ್ಟಾಗಿ ಹೇಳಿದರು, ‘ಒಂದು ಹೆಡ್‌ಲೈಟ್ ಹೋಗಿದೆ. ಡಿಪೋದಲ್ಲಿ ಹೇಳ್ಬೇಡ, ಗಾಡಿ ನಿಲ್ಲಿಸಿಬಿಡ್ತಾರೆ.’ ನಾನು ನಕ್ಕೆ, ಕಡ್ಡಿ. ಆ ವಾರ್ಡಿನಲ್ಲಿ ಎಲ್ಲರ ಎದುರಿಗೆ ನಕ್ಕುಬಿಟ್ಟೆ. ನಗು ನಿಲ್ಲಲೇ ಇಲ್ಲ.

ಇನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆಗದು ಅಂತ ಡಾಕ್ಟರು ಹೇಳಿದ್ದಾರೆ. ಇಂಥವರನ್ನು ನೋಡಿಕೊಳ್ಳುವ ಒಂದು ಮನೆ ಊರಾಚೆ ಇದೆ. ಹೊರಗಿನಿಂದ ಚಿಲಕ. ಸೋಮವಾರ ಕರೆದುಕೊಂಡು ಹೋಗುತ್ತೇನೆ. ಡ್ಯೂಟಿಗೆ ಅಂತ ಹೇಳಿಯೇ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಬರುವುದಿಲ್ಲ.

ನಿನ್ನ ಜಾಗದ ವಿಷಯಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡ. ನಾನು ಕೇಳಬಾರದಿತ್ತು.

ಅಕ್ಕ

—

ಜೂನ್ ೨೮

ಅಕ್ಕಾ,

ನಾನು ಬರೆದಿದ್ದೆ. ‘ಚರ್ಮದ ಬೂಟನ್ನೂ ದಾಟುತ್ತದೆ’ ಅಂತ ಹೆಮ್ಮೆಯಿಂದ ಬರೆದಿದ್ದೆ. ಆ ಮೂರು ಗಿಡಗಳಿಗೆ ಚಳಿಗಾಲದಲ್ಲಿ ಹೊದಿಕೆ ಹಾಕಿ ಬೆಳೆಸಿದವನು ನಾನು.

ಆಫೀಸಿನಲ್ಲಿ ಎರಡು ದಿನ ಬಿಡುವು ಕೊಟ್ಟಿದ್ದಾರೆ. ಶುಕ್ರವಾರ ಹೊರಡುತ್ತೇನೆ. ನೀನು ಏನನ್ನೂ ಮುಟ್ಟಬೇಡ. ಒಂದು ಬೇರೂ ಉಳಿಯದ ಹಾಗೆ ತೆಗೆದು ಬರುತ್ತೇನೆ. ಭಾವನನ್ನೂ ನೋಡಬೇಕು.

ಕಡ್ಡಿ

—

ಆಗಸ್ಟ್ ೨೦

ಕಡ್ಡಿ,

ನೀನು ಬಂದು ಹೋದ ಮೇಲೆ ಇದೇ ಮೊದಲ ಕಾಗದ. ನೀನೂ ಬರೆದಿಲ್ಲ. ಬರೆಯುವುದಕ್ಕೆ ಏನಿದೆ ಅನ್ನಿಸಿರಬೇಕು, ನನಗೂ ಹಾಗೇ.

ಆ ಎರಡು ದಿನ ನಾವು ನೆಟ್ಟಗೆ ನಾಲ್ಕು ಮಾತು ಆಡಲಿಲ್ಲ ನೋಡು. ನೀನು ತೋಳಿಗೆ ಗೋಣಿ ಸುತ್ತಿಕೊಂಡು ಅಗೆಯುತ್ತಲೇ ಇದ್ದೆ. ಊಟಕ್ಕೆ ಕರೆದರೆ ‘ಇದೊಂದು ಮುಗಿಸಿ ಬರ್ತೀನಿ’. ನಾನು ಕಿಟಕಿಯಿಂದ ನೋಡುತ್ತಿದ್ದೆ. ದೊಡ್ಡದನ್ನು ಉರುಳಿಸಿದ ಮೇಲೆ ಅದರ ಪಕ್ಕದಲ್ಲೇ ಕೂತುಬಿಟ್ಟೆಯಲ್ಲ, ಆಗ ಹೊರಗೆ ಬರಬೇಕು ಅನ್ನಿಸಿತು. ಬರಲಿಲ್ಲ.

ಭಾವ ನಿನ್ನನ್ನು ಗುರುತು ಹಿಡಿಯಲಿಲ್ಲ ಅಂತ ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ಮುಖ ಆ ಕಡೆ ತಿರುಗಿಸಿಕೊಂಡು ಬಂದೆ. ನನ್ನನ್ನು ಗುರುತು ಹಿಡಿದರು ಅಂತ ನಿನಗೆ ಅನ್ನಿಸಿತೇ? ನನ್ನ ಹೆಸರು ಹಿಡಿದು ಕರೆದರಲ್ಲ, ಅದು ಅಲ್ಲಿಯ ಆಯಾ ಮುಂಚೆಯೇ ಹೇಳಿಕೊಟ್ಟಿದ್ದು. ನೀನು ಬರುತ್ತೀಯ ಅಂತ ನಾನೇ ಹಾಗೆ ಮಾಡಿಸಿದೆ.

ಕಸದ ಗಾಡಿಯವನು ಮುಳ್ಳು ಒಯ್ಯುವುದಿಲ್ಲ ಅಂದ. ನೀನು ರಸ್ತೆಬದಿ ಪೇರಿಸಿ ಹೋದ ಗಿಡಗಳನ್ನು ಸಂಜೆಯೊಳಗೆ ಕಂಡಕಂಡವರು ಹೊತ್ತುಕೊಂಡು ಹೋದರು. ಈಗ ಭಾವ ಇರುವ ಆ ಮನೆಗೆ ಹೋಗುವ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಅಂಗಳದಲ್ಲಿ ಕಾಣಿಸುತ್ತವೆ. ನೀನು ಹೇಳಿದ ಹಾಗೆಯೇ ದಿಬ್ಬ ಏರಿಸಿ, ದೂರ ದೂರ ನೆಟ್ಟಿದ್ದಾರೆ. ನೆಲದ ಮೇಲೆ ನೆರಳು ಬೀಳುತ್ತದೆ. ಚೆಂದವಿವೆ.

ಒಂದು ಬೇರೂ ಬಿಟ್ಟಿಲ್ಲ ಅಂದಿದ್ದೆ. ಮಳೆ ಬಿದ್ದ ಮೇಲೆ ಜಲ್ಲಿಯ ಕೆಳಗಿನಿಂದ ಮರಿಗಳು ಏಳುತ್ತಿವೆ. ಹೆಬ್ಬೆಟ್ಟಿನಷ್ಟು ಇರುವಾಗಲೇ ತುದಿಗೆ ಮುಳ್ಳು. ಕಿತ್ತರೆ ಪಕ್ಕದಲ್ಲಿ ಇನ್ನೊಂದು. ಇದಕ್ಕೆ ಏನು ಸುರಿಯಬೇಕು ಅಂತ ಕೇಳುವುದಿಲ್ಲ, ನಿನ್ನಿಂದ ಅದನ್ನು ಬರೆಸಲಾರೆ. ಕೀಳುತ್ತಿರುತ್ತೇನೆ.

ಭಾವನಿಗೆ ಕಿಟಕಿ ಪಕ್ಕದ ಕುರ್ಚಿ ಕೊಟ್ಟಿದ್ದಾರೆ. ನಿನ್ನೆ ಹೋದಾಗ ಒಂದು ಕೈ ಮಡಿಲಲ್ಲಿ, ಇನ್ನೊಂದು ಕೈ ಮುಂದೆ ಚಾಚಿಕೊಂಡು ಕೂತಿದ್ದರು. ಹತ್ತಿರ ಹೋಗಿ ಭುಜ ಮುಟ್ಟಿ, ‘ಏನು ಊಟ ಆಯ್ತಾ?’ ಅಂದೆ. ತಿರುಗದೆ, ತುಂಬ ಮರ್ಯಾದೆಯಿಂದ, ‘ಗಾಡಿ ಓಡ್ತಿದೆಯಮ್ಮ. ಡ್ರೈವರ್ ಹತ್ರ ಮಾತಾಡಬಾರದು. ಹಿಂದೆ ಸೀಟಿದೆ, ಕೂತ್ಕೊಳಿ’ ಅಂದರು.

ಹಿಂದೆ ಗೋಡೆಗೆ ಒಂದು ಬೆಂಚು ಇತ್ತು. ಬಾಗಿಲು ಹಾಕುವ ಗಂಟೆ ಹೊಡೆಯುವ ತನಕ ಅದರ ಮೇಲೆ ಕೂತಿದ್ದೆ. ಅವರು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಅಕ್ಕ